ಏಡಿ, ಗಂಟು, ಕ್ಯಾನ್ಸರ್: ಒಂದು ಹೆಸರಿನ ಅರ್ಥ



ನಮ್ಮ ಬಡಾವಣೆಗೂ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೂ ಒಂದೇ ಹೆಸರು. ಎರಡೂ ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ (1894–1954) ಅವರ ನೆನಪಿನವು. 1973ರಲ್ಲಿ ಆರಂಭವಾದ ಆ ಆಸ್ಪತ್ರೆಯ ಕನ್ನಡ ಹೆಸರು ‘ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ’. ಈ ‘ಗಂಥಿ’ ಎಂದರೇನು? ನೆರವು ಕೋರಿ ಬರುವ ಅರ್ಜಿಗಳನ್ನು ಸರಿಯಾಗಿ ಓದಲು ಇಂಥ ಪದಗಳ ಪರಿಚಯ ಬೇಕು.

‘ಕ್ಯಾನ್ಸರ್’ ಲ್ಯಾಟಿನ್ ಪದ, ಅರ್ಥ ಏಡಿ. ಅದಕ್ಕೂ ಹಿಂದೆ ಗ್ರೀಕ್ ವೈದ್ಯ ಹಿಪೊಕ್ರಟಿಸ್‌ನ ಪರಂಪರೆಯವರು ಈ ರೋಗವನ್ನು ‘ಕಾರ್ಕಿನೋಸ್’ ಎಂದಿದ್ದರು. ಅದೂ ಏಡಿಯೇ. ಸ್ತನದ ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಾಣುತ್ತವೆ ಎಂದು 2ನೇ ಶತಮಾನದ ವೈದ್ಯ ಗೇಲನ್ ವಿವರಿಸಿದ. ಸಂಸ್ಕೃತದ ‘ಕರ್ಕಟ’ ಕೂಡ ಏಡಿ. ನಮ್ಮ ಕರ್ಕಾಟಕ ರಾಶಿ ಅದೇ. ಹಿಂದಿಯ ‘ಕರ್ಕ ರೋಗ’ ಅಲ್ಲಿಂದ ಬಂತು. ಕನ್ನಡದ ವಿಜ್ಞಾನ ಲೇಖಕರು ‘ಏಡಿಗಂತಿ’ ಎಂದು ಬರೆದರು.

‘ಗಂಥಿ’, ‘ಗಂತಿ’ ಎರಡೂ ಸಂಸ್ಕೃತದ ‘ಗ್ರಂಥಿ’ಯ ರೂಪಗಳು, ಅರ್ಥ ಗಂಟು. ಆದರೆ ಇಂದಿನ ಕನ್ನಡದಲ್ಲಿ ‘ಗ್ರಂಥಿ’ ಎಂದರೆ ಥೈರಾಯ್ಡ್‌ನಂತಹ, ಆರೋಗ್ಯವಂತರ ದೇಹದಲ್ಲೂ ಇರುವ ಅಂಗ. ಹಾಗಾಗಿ ‘ಗಂಥಿ’ ಎಂದಿರುವಲ್ಲಿ ಅಕ್ಷರ ತಪ್ಪಿದೆಯೆಂದು ‘ಗ್ರಂಥಿ’ ಎಂದು ತಿದ್ದಿದರೆ ಅರ್ಥವೇ ಕೆಡುತ್ತದೆ. ‘ಅರ್ಬುದ’ವೂ ಹಳೆಯ ಪದವೇ, ಸುಶ್ರುತ ಸಂಹಿತೆಯಲ್ಲಿ ಗ್ರಂಥಿ, ಅರ್ಬುದ ಎರಡರ ವಿವರಣೆಯೂ ಇದೆ.

ಪದದ ಗೊಂದಲ ಹೆಚ್ಚು ಕಾಡುವುದು ಊರಿನಿಂದ ಏಮ್ಸ್‌ಗೋ ಸಫ್ದರ್‌ಜಂಗ್ ಆಸ್ಪತ್ರೆಗೋ ಬಂದ ಕುಟುಂಬಗಳನ್ನು. ವೈದ್ಯರು ಹಿಂದಿಯಲ್ಲಿ ‘ಗಾಂಠ್’ ಎಂದರೆ ಅದು ಬರೀ ಗಂಟು. ‘ರಸೌಲಿ’ ಎಂದರೆ ಗಡ್ಡೆ. ಗರ್ಭಕೋಶದ ಫೈಬ್ರಾಯ್ಡ್‌ಗೂ ಹಾಗೆಯೇ ಹೇಳುತ್ತಾರೆ. ಇವನ್ನು ಕೇಳಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ಎದೆಗುಂದಬೇಕಿಲ್ಲ. ಅದನ್ನು ಹೇಳಬೇಕಾದದ್ದು ಬಯಾಪ್ಸಿ, ಅಂದರೆ ಗಡ್ಡೆಯ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ.

ಆ ವರದಿಯಲ್ಲಿ ‘ಬಿನೈನ್’ ಎಂದಿದ್ದರೆ ಅದು ಕ್ಯಾನ್ಸರ್ ಅಲ್ಲದ ಗಡ್ಡೆ. ‘ಮ್ಯಾಲಿಗ್ನೆಂಟ್’ ಎಂದಿದ್ದರೆ ಕ್ಯಾನ್ಸರ್. ‘ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ’ ಎಂಬುದನ್ನು ಕಂಡು ಹೆದರುವವರುಂಟು; ನಿಜಕ್ಕೂ ಅದು ಪರೀಕ್ಷಿಸಿದ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ ಎಂಬ ಒಳ್ಳೆಯ ಸುದ್ದಿ. ‘ಕಾರ್ಸಿನೋಮಾ’ ಎಂದರೆ ಚರ್ಮ ಅಥವಾ ಅಂಗಗಳ ಒಳಪದರದಲ್ಲಿ ಹುಟ್ಟಿದ ಕ್ಯಾನ್ಸರ್. ಮೂಳೆ, ಸ್ನಾಯುಗಳಲ್ಲಿ ಹುಟ್ಟಿದ್ದು ‘ಸಾರ್ಕೋಮಾ’. ರಕ್ತದ ಕ್ಯಾನ್ಸರ್ ‘ಲ್ಯುಕೇಮಿಯಾ’. ಗ್ರೀಕ್‌ನಲ್ಲಿ ‘ಬಿಳಿ ರಕ್ತ’ ಎಂದರ್ಥ. ಅದರಲ್ಲಿ ಗಂಟೇ ಇರಬೇಕೆಂದಿಲ್ಲ. ಚೀಟಿಯಲ್ಲಿ ಅಂಗದ ಹೆಸರಿನ ಹಿಂದೆ ‘ಸಿಎ’ ಎಂದು ಬರೆದಿದ್ದರೆ ಕಾರ್ಸಿನೋಮಾ. ಅದೇ ಎರಡಕ್ಷರ ರಕ್ತಪರೀಕ್ಷೆಯ ಪಟ್ಟಿಯಲ್ಲಿದ್ದರೆ ಸಾಮಾನ್ಯವಾಗಿ ಕ್ಯಾಲ್ಸಿಯಂ.

ಕನ್ನಡದಲ್ಲಿ ‘ಕ್ಯಾನ್ಸರ್’, ‘ಕ್ಯಾನ್ಸರು’, ‘ಕೇನ್ಸರ್’ ಹೀಗೆ ಹೇಗೆ ಬರೆದರೂ ನೆರವಿಗೆ ಅಡ್ಡಿಯಿಲ್ಲ. ಅಡ್ಡಿಯಾಗುವುದು ಹೆಸರನ್ನೇ ಮುಚ್ಚಿಡುವುದು. ‘ಆ ಕಾಯಿಲೆ’, ‘ಹೊಟ್ಟೆ ಹುಣ್ಣು’ ಎಂದಷ್ಟೇ ಬರೆದ ಅರ್ಜಿಯಿಂದ ಯಾವ ಚಿಕಿತ್ಸೆ, ಎಷ್ಟು ತಿಂಗಳು, ಎಷ್ಟು ಖರ್ಚು ಎಂಬುದನ್ನು ಅಂದಾಜು ಮಾಡಲಾಗದು. ಹಾಗೆ ಕಳೆದ ದಿನಗಳು ರೋಗಿಯವು. ಮುಚ್ಚಿಡುವುದಕ್ಕೆ ನಾಚಿಕೆಯೂ ಬೇಡ. ಕ್ಯಾನ್ಸರ್ ಜೊತೆಯಲ್ಲಿ ಉಂಡರೆ, ಮುಟ್ಟಿದರೆ ಅಂಟುವ ರೋಗವಲ್ಲ. ಬೇಗ ಗೊತ್ತಾದರೆ ಎಷ್ಟೋ ಬಗೆಯ ಕ್ಯಾನ್ಸರ್‌ಗಳು ಗುಣವಾಗುತ್ತವೆ.

ಆದ್ದರಿಂದ ಅರ್ಜಿಗೆ ಸಹಿ ಹಾಕುವ ಸದಸ್ಯರು ಬಯಾಪ್ಸಿ ವರದಿಯ ಪ್ರತಿಯನ್ನು ಜೊತೆಗಿಡಿಸಿ, ರೋಗದ ಹೆಸರನ್ನು ವರದಿಯಲ್ಲಿದ್ದಂತೆಯೇ ಬರೆಸಬೇಕಾಗಿ ವಿನಂತಿ. ರೋಗಿಯ ಹೆಸರು ಆಧಾರ್‌ನಲ್ಲೂ ವರದಿಯಲ್ಲೂ ಒಂದೇ ರೀತಿ ಇದೆಯೇ ನೋಡಿ. ನಮ್ಮ ವೈದ್ಯಕೀಯ ನೆರವು ನಿಧಿಗೆ ಹಣ ಕೊಡಲಾಗದವರು ಒಂದು ಬೆಳಿಗ್ಗೆಯ ಸಮಯ ಕೊಡಬಹುದು. ಹಿಂದಿ ಬಾರದ ರೋಗಿಯ ಜೊತೆ ಒಪಿಡಿಗೆ ಹೋಗಿ, ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳುವುದೂ ದಾನವೇ.