ಅಜ್ಜಿಯ ಮಲ್ಲಿಗೆಗೆ ಕತ್ತರಿ

ಮಕ್ಕಳೇ, ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಮಲ್ಲಿಗೆ ಗಿಡವಿದೆ. ನೆಟ್ಟವಳು ನನ್ನ ಹೆಂಡತಿ. ಹೂವಿನ ಕಾಲ ಮುಗಿದು ಚಳಿ ಬಂದಾಗ, ಡಿಸೆಂಬರ್ ಕೊನೆಯಲ್ಲಿ, ಅವಳೇ ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸುತ್ತಿದ್ದಳು. ಬ್ಯಾಂಕಿನ ಗುಮಾಸ್ತನಾದ ನನಗೆ ಲೆಡ್ಜರ್ ಗೊತ್ತಿತ್ತು, ಗಿಡ ಗೊತ್ತಿರಲಿಲ್ಲ.

ಅವಳು ತೀರಿಕೊಂಡ ಮೇಲೆ ಎರಡು ವರ್ಷ ಆ ಗಿಡಕ್ಕೆ ಕತ್ತರಿ ಹಾಕಲು ನನಗೆ ಮನಸ್ಸು ಬರಲಿಲ್ಲ. ಎಲೆ ದಟ್ಟವಾಗಿ ಬೆಳೆದು ಗೋಡೆ ಮುಚ್ಚಿತು. ಹೂ ಮಾತ್ರ ಮೊದಲ ವರ್ಷ ಅರ್ಧಕ್ಕಿಳಿಯಿತು, ಮರುವರ್ಷ ದೇವರ ಪಟಕ್ಕೂ ಸಾಲಲಿಲ್ಲ.

“ತಾತ, ಅಜ್ಜಿ ಗಿಡಕ್ಕೆ ಏನಾಗಿದೆ?” ಎಂದು ಐದನೇ ತರಗತಿಯ ಮೊಮ್ಮಗಳು ಕೇಳಿದಳು. ಉತ್ತರ ಕೊಟ್ಟವಳು ಬೀದಿಯಲ್ಲಿ ಹೂ ಮಾರುವಾಕೆ. “ಸ್ವಾಮಿ, ಮಲ್ಲಿಗೆ ಮೊಗ್ಗು ಬಿಡೋದು ಹೊಸ ಚಿಗುರಲ್ಲಿ. ನೀವು ಹಳೇ ಕಡ್ಡಿ ಕತ್ತರಿಸದಿದ್ರೆ ಚಿಗುರು ಎಲ್ಲಿಂದ ಬರ್ಬೇಕು?”

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳೂ ನಾನೂ ಕೆಲಸಕ್ಕಿಳಿದೆವು. ಮೊದಲು ಒಂದು ವಾರ ನೀರು ನಿಲ್ಲಿಸಿದೆವು. ಕತ್ತರಿಯನ್ನು ಹರಿತ ಮಾಡಿಸಿ, ಒರೆಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು, ಗೆಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸಿದೆ. ಒಣಗಿದ, ರೋಗ ಹಿಡಿದ ಕೊಂಬೆಗಳನ್ನು ಬುಡದಿಂದಲೇ ತೆಗೆದೆ. ಒಳ್ಳೆಯ ಎಲೆಗಳು ಗೊಬ್ಬರದ ಗುಂಡಿಗೆ ಹೋದವು. ರೋಗದ ಎಲೆಗಳನ್ನು ಅಲ್ಲಿಗೆ ಹಾಕಬಾರದು. ಬುಡ ಕೆದಕಿ ಒಂದು ಬುಟ್ಟಿ ಸಗಣಿ ಗೊಬ್ಬರ ಹಾಕಿ ನೀರೆರೆದೆವು.

ಪಕ್ಕದಲ್ಲಿ ಹೂ ಮುಗಿದ ಸೇವಂತಿಗೆ ಇತ್ತು. ಅದನ್ನು ಕೀಳಬೇಡಿ. ನಾಲ್ಕೈದು ಬೆರಳೆತ್ತರ ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿಸಸಿಗಳು ಏಳುತ್ತವೆ. ಅವನ್ನು ಬಿಡಿಸಿ ನೆಡಬಹುದು. ಚೆಂಡು ಹೂವಿನ ಗಿಡ ಒಂದೇ ಬೆಳೆಗೆ ಮುಗಿಯುತ್ತದೆ. ಒಣಗಿದ ಹೂ ಬಿಡಿಸಿದರೆ ಕಪ್ಪು ಕಡ್ಡಿಯಂಥ ಬೀಜಗಳು ಸಿಗುತ್ತವೆ. ಮೊಮ್ಮಗಳು ಅವನ್ನು ಕಾಗದದ ಪೊಟ್ಟಣ ಕಟ್ಟಿ, ಮೇಲೆ ಹೆಸರು, ತಿಂಗಳು ಬರೆದಳು. ಅಜ್ಜ ಅಜ್ಜಿಯರೇ, ಕತ್ತರಿ ನಿಮ್ಮ ಕೈಲಿರಲಿ, ಬೀಜದ ಕೆಲಸ ಮಕ್ಕಳಿಗೆ ಬಿಡಿ.

ಬೋಳಾದ ಮಲ್ಲಿಗೆ ನೋಡಿ ನನಗೆ ಸಂಕಟವಾಯಿತು. “ಅಜ್ಜಿ ಇದ್ದಿದ್ರೆ ಬೈತಿದ್ಳೇನೋ” ಎಂದೆ.

“ಅಜ್ಜಿನೇ ಅಲ್ವಾ ತಾತ, ಪ್ರತಿವರ್ಷ ಕತ್ತರಿಸ್ತಿದ್ದಿದ್ದು?” ಎಂದಳು ಮೊಮ್ಮಗಳು.

ಕೆಲವು ವಾರಗಳಲ್ಲಿ ಚಿಗುರು ಕಂಡಿತು. ಮಾರ್ಚ್ ಕೊನೆಗೆ, ಬ್ಯಾಂಕಿನವರು ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ, ಮೊಗ್ಗು ಬಂತು. ಮೊದಲ ದಿನ ಮೊಮ್ಮಗಳು ಎಣಿಸಿದಳು, 43. ಅಜ್ಜಿಯ ಪಟಕ್ಕೆ ಒಂದು ಪುಟ್ಟ ಮಾಲೆಯಾಯಿತು.