ದೊಡ್ಡ ಲೆಕ್ಕಕ್ಕೆ ಚಿಕ್ಕ ಕೋಷ್ಟಕಗಳು



ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ. ಅದನ್ನು ಅಳೆದರೆ ‘ಮೇಲೆ’ ಅಥವಾ ‘ಕೆಳಗೆ’ ಎಂಬ ಎರಡೇ ಉತ್ತರ ಸಿಗುತ್ತದೆಂದು ನೀವು ಓದಿರಬಹುದು. ಎರಡು ಸ್ಪಿನ್‌ಗಳಿದ್ದರೆ ನಾಲ್ಕು ಜೋಡಣೆಗಳು, ಮೂರಿದ್ದರೆ ಎಂಟು, ಹತ್ತಿದ್ದರೆ 1,024. ಕ್ವಾಂಟಂ ನಿಯಮದಂತೆ ಈ ಜೋಡಣೆಗಳೆಲ್ಲ ಒಟ್ಟಿಗೆ ಬೆರೆತಿರಬಲ್ಲವು. ಯಾವ ಜೋಡಣೆಯ ಪಾಲು ಎಷ್ಟು ಎಂದು ತಿಳಿಸುವ ಸಂಖ್ಯೆಗಳ ಪಟ್ಟಿಯೇ ತರಂಗ ಫಲನ. 30 ಸ್ಪಿನ್‌ಗಳಿಗೆ ಈ ಪಟ್ಟಿ 107 ಕೋಟಿ ದಾಟುತ್ತದೆ. 300 ಸ್ಪಿನ್‌ಗಳಾದರೆ, ನಮಗೆ ಕಾಣುವ ವಿಶ್ವದ ಪರಮಾಣುಗಳ ಅಂದಾಜು ಸಂಖ್ಯೆಯನ್ನೂ ಮೀರುತ್ತದೆ! ಹಾಗಾದರೆ ಕಾಂತಗಳ ಗುಣವನ್ನು ಲೆಕ್ಕ ಹಾಕುವುದು ಹೇಗೆ?

ಇಲ್ಲಿ ಪ್ರಕೃತಿಯೇ ನಮಗೆ ನೆರವಾಗುತ್ತದೆ. ಸ್ಪಿನ್‌ಗಳ ಸ್ಥಿತಿಗಳು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಆದರೆ ಕನಿಷ್ಠ ಶಕ್ತಿಯ ಸ್ಥಿತಿಯಲ್ಲಿ ಈ ಹೆಣಿಕೆ ಬಹುಮಟ್ಟಿಗೆ ನೆರೆಹೊರೆಗೆ ಸೀಮಿತ. ಸ್ಪಿನ್‌ಗಳ ಸರಪಳಿಯನ್ನು ನಡುವೆ ಕತ್ತರಿಸಿದೆವೆನ್ನಿ. ಸರಪಳಿ ಎಷ್ಟೇ ಉದ್ದವಿರಲಿ, ಎರಡು ಭಾಗಗಳ ನಡುವಿನ ಹೆಣಿಕೆ ಒಂದು ಮಿತಿಯೊಳಗೇ ಇರುತ್ತದೆ. ಕನಿಷ್ಠ ಶಕ್ತಿಗೂ ಅದರ ಮೇಲಿನ ಮಟ್ಟಕ್ಕೂ ಅಂತರವಿರುವ ಸರಪಳಿಗಳಲ್ಲಿ ಇದು ನಿಜವೆಂದು 2007ರಲ್ಲಿ ಮ್ಯಾಥ್ಯೂ ಹೇಸ್ಟಿಂಗ್ಸ್ ಸಾಧಿಸಿ ತೋರಿಸಿದರು.

ಆದ್ದರಿಂದ ಉದ್ದನೆಯ ಪಟ್ಟಿ ಬೇಕಿಲ್ಲ. ಪ್ರತಿ ಸ್ಪಿನ್‌ಗೂ ‘ಮೇಲೆ’ ಎಂಬುದಕ್ಕೊಂದು, ‘ಕೆಳಗೆ’ ಎಂಬುದಕ್ಕೊಂದು ಮಾತೃಕೆ ಕೊಡಿ. ಬೇಕಾದ ಜೋಡಣೆಯ ಮಾತೃಕೆಗಳನ್ನು ಸಾಲಾಗಿ ಗುಣಿಸಿದರೆ ಅದರ ಪಾಲು ದೊರೆಯುತ್ತದೆ. 50 ಅಡ್ಡಸಾಲು, 50 ಕಂಬಸಾಲುಗಳ ಮಾತೃಕೆಗಳಾದರೆ 100 ಸ್ಪಿನ್‌ಗಳಿಗೆ ಸುಮಾರು 5 ಲಕ್ಷ ಸಂಖ್ಯೆಗಳು ಸಾಕು. ಮೂಲ ಪಟ್ಟಿಯ ಉದ್ದವಾದರೋ 31 ಅಂಕಿಗಳ ಸಂಖ್ಯೆ!

1992ರಲ್ಲಿ ಅಮೆರಿಕದ ಸ್ಟೀವನ್ ವೈಟ್ ರೂಪಿಸಿದ ಲೆಕ್ಕದ ವಿಧಾನದೊಳಗೆ ಇದೇ ಮಾತೃಕೆಗಳ ಸರಪಳಿ ಅಡಗಿದೆಯೆಂದು 1995ರಲ್ಲಿ ಓಸ್ಟ್‌ಲುಂಡ್ ಮತ್ತು ರೋಮರ್ ತೋರಿಸಿದರು. ಹಾಳೆಯಂತೆ ಹರಡಿದ ಸ್ಪಿನ್‌ಗಳಿಗೆ ಇನ್ನೂ ಹೆಚ್ಚು ದಿಕ್ಕುಗಳುಳ್ಳ ಕೋಷ್ಟಕಗಳು, ಅಂದರೆ ಟೆನ್ಸರ್‌ಗಳು, ಬೇಕು. ಅಂಥ ಜಾಲವನ್ನು 2004ರಲ್ಲಿ ವರ್ಸ್ಟ್ರಾಟೆ ಮತ್ತು ಸಿರಾಕ್ ಮುಂದಿಟ್ಟರು.

ಹೆಣಿಕೆ ಹೆಚ್ಚಿದಂತೆ ಕೋಷ್ಟಕಗಳೂ ಬೆಳೆಯುತ್ತವೆ. ಇದೇ ಈ ವಿಧಾನದ ಮಿತಿ. ಆದರೂ ಅದರ ಬಲ ಸಣ್ಣದಲ್ಲ. ತನ್ನ ಕ್ವಾಂಟಂ ಯಂತ್ರ ಮಾಡಿದ ಒಂದು ಲೆಕ್ಕಕ್ಕೆ ಸೂಪರ್ ಕಂಪ್ಯೂಟರಿಗೆ 10,000 ವರ್ಷ ಬೇಕೆಂದು 2019ರಲ್ಲಿ ಗೂಗಲ್ ಹೇಳಿತ್ತು. 2022ರಲ್ಲಿ ಚೀನಾದ ವಿಜ್ಞಾನಿಗಳು ಟೆನ್ಸರ್ ಜಾಲ ಬಳಸಿ, 512 ಗ್ರಾಫಿಕ್ಸ್ ಸಂಸ್ಕಾರಕಗಳಿಂದ ಅದನ್ನು ಸುಮಾರು 15 ಗಂಟೆಗಳಲ್ಲಿ ಮುಗಿಸಿದರು.

ನೀವೇ ಒಂದು ಲೆಕ್ಕ ಮಾಡಿ ನೋಡಿ. ಎರಡು ಸ್ಪಿನ್‌ಗಳಿವೆ. ಎರಡೂ ‘ಮೇಲೆ’, ಎರಡೂ ‘ಕೆಳಗೆ’ — ಇವೆರಡಕ್ಕೆ ಸಮಪಾಲು, ಉಳಿದ ಜೋಡಣೆಗಳಿಗೆ ಸೊನ್ನೆ. ಪ್ರತಿ ಕೋಷ್ಟಕದಲ್ಲಿ ಒಂದೇ ಸಂಖ್ಯೆಯಿಟ್ಟು ಇದನ್ನು ಪಡೆಯಬಹುದೆ? ಸಾಧ್ಯವಿಲ್ಲವೆಂದು ಕಂಡಾಗ ಹೆಣಿಕೆ ಎಂದರೇನೆಂದು ನಿಮಗೆ ಅರಿವಾಗುತ್ತದೆ.