ರೆಕ್ಕೆ ಹರಡಿ ಕೂರುವ ಹಕ್ಕಿ

ಪ್ರಶ್ನೆ: ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವಾಗ ಕಪ್ಪು ಹಕ್ಕಿಯೊಂದು ರೆಕ್ಕೆ ಅಗಲಿಸಿ, ಅಲ್ಲಾಡದೆ ಕೂತಿರುತ್ತದೆ. ಅದು ಹಾಗೇಕೆ ಕೂರುತ್ತದೆ?

ಉತ್ತರ: ಒಗೆದ ಬಟ್ಟೆ ಹರವಿದಂತೆ ಅದು ರೆಕ್ಕೆ ಒಣಗಿಸಿಕೊಳ್ಳುತ್ತಿದೆ. ನೀವು ಕಂಡದ್ದು ನೀರುಕಾಗೆ ಇರಬೇಕು. ಕತ್ತು ಹಾವಿನಂತೆ ಉದ್ದವಾಗಿ, ಕೊಕ್ಕು ಭರ್ಜಿಯಂತೆ ಚೂಪಾಗಿದ್ದರೆ ಹಾವಕ್ಕಿ. ನೀರುಕಾಗೆ ತುದಿ ಬಾಗಿದ ಕೊಕ್ಕಿನಿಂದ ಮೀನು ಹಿಡಿಯುತ್ತದೆ, ಹಾವಕ್ಕಿ ಚುಚ್ಚುತ್ತದೆ. ಇವುಗಳ ಗರಿಯಲ್ಲಿ ಎಣ್ಣೆಯೇ ಇಲ್ಲವೆಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಎಣ್ಣೆಯ ಗ್ರಂಥಿ ಇದೆ. ಆದರೆ ಗರಿಗಳ ರಚನೆಯೇ ನೀರನ್ನು ಒಳಬಿಡುವಂಥದ್ದು. ಬಾತುಕೋಳಿಯ ಗರಿಗಳ ನಡುವೆ ಗಾಳಿ ಸಿಕ್ಕಿಕೊಂಡು ಅದನ್ನು ತೇಲಿಸುತ್ತದೆ. ನೀರುಕಾಗೆಗೆ ಬೇಕಿರುವುದು ಮುಳುಗುವುದು. ನೆನೆದ ಗರಿ ಆಳದಲ್ಲಿ ಅನುಕೂಲ, ಮೇಲೆ ಬಂದಾಗ ಹೊರೆ. ಹಾವಕ್ಕಿಗೆ ರೆಕ್ಕೆ ಒಣಗಿಸುವ ಬಿಸಿಲು ಮೈ ಕಾಯಿಸಿಕೊಳ್ಳಲೂ ಬೇಕು.

ಅದೇ ಕೆರೆಯ ಹೆಜ್ಜಾರ್ಲೆಯನ್ನು ನೋಡಿ. ಅದು ಮುಳುಗುವುದಿಲ್ಲ, ತೇಲುತ್ತಲೇ ಕೊಕ್ಕಿನ ಚೀಲದಲ್ಲಿ ಮೀನನ್ನು ನೀರಿನ ಸಮೇತ ಬಾಚಿ, ನೀರನ್ನು ಹೊರಚೆಲ್ಲಿ, ನುಂಗುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಈ ಕೆರೆ ಕುವೆಂಪು ಅವರ ವಾಯುವಿಹಾರದ ಜಾಗವೂ ಆಗಿತ್ತು. ಈಗ ಅಲ್ಲಿ ಹೆಜ್ಜೆ ಎಣಿಸುವ ವಾಚುಗಳದೇ ಕಾರುಬಾರು. (ನನ್ನ ಕೈಯಲ್ಲೂ ಒಂದಿದೆ!) ನಾಳೆ ಒಂದು ಸುತ್ತು ಕಡಿಮೆ ಮಾಡಿ, ಬೈನಾಕ್ಯುಲರ್ ಇಲ್ಲದಿದ್ದರೂ ಚಿಂತೆಯಿಲ್ಲ, ಹತ್ತು ನಿಮಿಷ ಒಂದೇ ಕಡೆ ನಿಲ್ಲಿ. ಮುಳುಗಿದ ನೀರುಕಾಗೆ ಎಲ್ಲಿ ಏಳುತ್ತದೆಂದು ಊಹಿಸಿ. ಹೆಚ್ಚಾಗಿ ತಪ್ಪುತ್ತೀರಿ.